ಗಿಲಾವು ಒಣಗುವ ತನಕ

ಮಹಡಿಯ ಮೇಲೆ ಮಗ ಒಂದು ಕೋಣೆ ಕಟ್ಟಿಸುತ್ತಿದ್ದಾನೆ. ನನ್ನ ಮಂಡಿಗಳಿಗೂ ಮೆಟ್ಟಿಲುಗಳಿಗೂ ಮಾತುಕತೆ ನಿಂತು ಕೆಲವು ವರ್ಷಗಳಾದವು. ಹಾಗಾಗಿ ಆ ಕೋಣೆಯನ್ನು ನಾನು ಕಣ್ಣಿನಿಂದ ನೋಡಿಲ್ಲ, ಮೂಗಿನಿಂದ ನೋಡಿದ್ದೇನೆ. ಗೋಡೆಗಳಿಗೆ ಗಿಲಾವು ಮುಗಿದದ್ದು ಮೊನ್ನೆ ಮೊನ್ನೆ. ಅಂದಿನಿಂದ ಹಸಿ ಸಿಮೆಂಟಿನ ವಾಸನೆ ಮೆಟ್ಟಿಲಿಳಿದು, ನಡುಮನೆ ದಾಟಿ, ನಾನು ಕೂರುವ ಕಿಟಕಿಯ ತನಕ ಬಂದು ನನ್ನ ಜೊತೆ ಕೂತುಬಿಡುತ್ತದೆ. ನನ್ನ ವಯಸ್ಸಿನ ಹೆಂಗಸರಿಗೆ ಮಲ್ಲಿಗೆಯ ವಾಸನೆಗೋ, ಹುರಿದ ಕಾಫಿಬೀಜದ ವಾಸನೆಗೋ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಬಂದದ್ದು ಸಿಮೆಂಟು. ಯಾರಿಗೆ ಯಾವುದು ಪ್ರಾಪ್ತಿಯೋ ಅದೇ ತಾನೆ.

ನೆನ್ನೆ ಸಂಜೆ ಮಗ ಕೆಲಸ ನೋಡಿಕೊಂಡು ಕೆಳಗೆ ಬಂದು, "ಅಮ್ಮಾ, ಸೋಮವಾರ ವಾಲ್‌ಪೇಪರ್‌ನೋರು ಬರ್ತಾರೆ" ಅಂದ. ಹಬ್ಬಕ್ಕೆ ನೆಂಟರು ಬರುವಷ್ಟರಲ್ಲಿ ಕೋಣೆ ಸಿದ್ಧವಾಗಬೇಕು ಎಂದು ಅವನ ಹಟ.

"ಗೋಡೆ ಒಣಗಿದೆಯೇನಪ್ಪಾ?" ಎಂದು ಕೇಳಿದೆ.

"ಅಯ್ಯೋ, ಈಗ ಅದಕ್ಕೆಲ್ಲ ಏನೇನೋ ಬಂದಿದೆ. ಹಚ್ಚಿಬಿಟ್ರೆ ಆಯ್ತು. ನಿನ್ನ ಕಾಲದ ಹಾಗಲ್ಲಮ್ಮ."

ನನ್ನ ಕಾಲ ಎಂದರೆ ಅಟ್ಟದ ಮೇಲೆ ಕಟ್ಟಿಟ್ಟ ಗಂಟು ಎನ್ನುವ ಹಾಗೆ ಅವನು ಮಾತಾಡುತ್ತಾನೆ. ತಪ್ಪೇನಿಲ್ಲ, ನಾವೂ ನಮ್ಮ ಹಿರಿಯರಿಗೆ ಹಾಗೇ ಅಂದಿದ್ದೆವು. ಆದರೆ ಒದ್ದೆ ಗೋಡೆಯ ವಿಷಯಕ್ಕೆ ಬಂದರೆ ನನ್ನ ಕಾಲಕ್ಕೂ ಅವನಿಗೂ ಒಂದು ಸಂಬಂಧವಿದೆ. ಅದು ಅವನಿಗೆ ಗೊತ್ತಿರಲಿಲ್ಲ. ನಿಮಗೆ ಸ್ವಲ್ಪ ಬಿಡುವಿದ್ದರೆ ನಿಮಗೂ ಹೇಳಿಬಿಡುತ್ತೇನೆ. ಮನೆಯವರಿಗೆ ಹೇಳುವುದಕ್ಕಿಂತ ಹೊರಗಿನವರಿಗೆ ಹೇಳುವುದು ಎಷ್ಟೋ ಸಲ ಸುಲಭ.

ನನ್ನ ತವರೂರು ಸೂಲಿಬೆಲೆಯಿಂದ ಎತ್ತಿನ ಗಾಡಿಯಲ್ಲಿ ಹೊರಟರೆ ಒಂದು ಸಣ್ಣ ನಿದ್ದೆ ಮುಗಿಯುವಷ್ಟು ದೂರ. ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ, ಬಾವಿಯ ಸುತ್ತ ಆಲೂಗಡ್ಡೆ. ಮಣ್ಣಿನ ಗೋಡೆಯ, ನಾಡಹೆಂಚಿನ ಮನೆ. ನನ್ನಪ್ಪ ಆಸೆಗಳ ಮನುಷ್ಯ. ಕೆಟ್ಟ ಆಸೆಗಳಲ್ಲ. ಊರಿಗೆ ಮೊದಲು ಟ್ರಾನ್ಸಿಸ್ಟರು ತಂದವರು ಅವರು. ತಂದದ್ದನ್ನು ಒಳಗಿಟ್ಟುಕೊಳ್ಳದೆ ಜಗಲಿಯ ಮೇಲಿಟ್ಟು ಇಡೀ ಬೀದಿಗೆ ಕೇಳಿಸಿದರು. ಅದು ಕೊರಕೊರ ಎಂದರೆ ಬೀದಿಯವರಿಗಿಂತ ಅವರಿಗೇ ಅವಮಾನ. ಹೊಸದೇನನ್ನು ಕಂಡರೂ ಅದು ನಮ್ಮ ಮನೆಯಲ್ಲೂ ಇರಬೇಕು, ಇದ್ದರೆ ನಾಲ್ಕು ಜನ ಬಂದು ನೋಡಬೇಕು, ನೋಡಿದವರಿಗೆ ಕಾಫಿ ಕೊಡಬೇಕು. ಇಷ್ಟೇ ಅವರ ಆಸೆ.

ಅವ್ವ ಬೇರೆಯೇ ಜಾತಿಯ ಜೀವ. ಅವಳು ಬೇಕು ಎಂದದ್ದನ್ನು ನಾನು ಕೇಳಿಲ್ಲ, ಬೇಡ ಎಂದದ್ದನ್ನೂ ಕೇಳಿರಲಿಲ್ಲ. ಅಪ್ಪ ಏನು ಹೇಳಿದರೂ 'ಹೂಂ' ಅನ್ನುತ್ತಿದ್ದಳು. ಆ ಹೂಂನಲ್ಲಿ ಎಷ್ಟೋ ಬಗೆ. ಆಗಲಿ ಎನ್ನುವ ಹೂಂ, ಕೇಳಿಸಿತು ಬಿಡಿ ಎನ್ನುವ ಹೂಂ, ಇದೂ ಎಷ್ಟು ದಿನವೋ ನೋಡೋಣ ಎನ್ನುವ ಹೂಂ. ನಾವು ಮಕ್ಕಳು ಅವುಗಳ ವ್ಯತ್ಯಾಸವನ್ನು ಚೆನ್ನಾಗಿ ಕಲಿತಿದ್ದೆವು. ಅಪ್ಪ ಮಾತ್ರ ಎಲ್ಲವನ್ನೂ ಒಪ್ಪಿಗೆಯ ಲೆಕ್ಕಕ್ಕೇ ಹಾಕಿಕೊಳ್ಳುತ್ತಿದ್ದರು.

ನನ್ನನ್ನು ಕೊಟ್ಟದ್ದು ದೊಡ್ಡಬಳ್ಳಾಪುರಕ್ಕೆ, ಹೈಸ್ಕೂಲು ಮೇಷ್ಟರ ಮನೆಗೆ. ಅಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕೆಂಪು ನೆಲ, ಗೋಡೆಗೆ ಎದೆಯುದ್ದದವರೆಗೆ ತಿಳಿಹಸಿರು ಎಣ್ಣೆಬಣ್ಣ. ಅವರು ಹೆಣ್ಣು ನೋಡಲು ನಮ್ಮೂರಿಗೆ ಬಂದ ದಿನ ಒಂದು ಸಣ್ಣ ಸಂಗತಿ ನಡೆಯಿತು. ಗಂಡಿನ ಸೋದರಮಾವ ನಮ್ಮ ನಡುಮನೆಯ ಗೋಡೆಗೆ ಒರಗಿ ಕೂತಿದ್ದವರು ಏಳುವಾಗ ಭುಜದ ಮೇಲಿನ ಕೆಮ್ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ, ಮೆಲ್ಲಗೆ ಕೊಡವಿಕೊಂಡರು. "ಮಣ್ಣಿನ ಗೋಡೆ ಬೇಸಿಗೇಲಿ ತಂಪಾಗಿರುತ್ತೆ ಬಿಡಿ" ಎಂದರು. ಒಳ್ಳೆಯ ಮಾತೇ. ಆದರೆ ಅಪ್ಪ ಮಾತನ್ನು ಕೇಳಿರಲಿಲ್ಲ, ಕೊಡವಿದ ಬೆರಳನ್ನು ನೋಡಿದ್ದರು.

ಮಾರನೆಯ ವರ್ಷ ನಾನು ಬಸುರಿಯಾದೆ. ಸುದ್ದಿ ಕೇಳಿ ಅಪ್ಪ ತೆಂಗಿನಕಾಯಿ, ಹಣ್ಣು, ಹೊಲದ ಹೆಸರುಕಾಳು ಎಲ್ಲವನ್ನೂ ಹೊತ್ತುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದರು. ಊಟ ಮಾಡುತ್ತಲೇ ಮನಸ್ಸಿನಲ್ಲಿ ಪಾಯ ತೋಡಿಬಿಟ್ಟಿದ್ದರು ಎಂದು ಕಾಣುತ್ತದೆ. ಬಸ್ಸು ಹತ್ತುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನ ಬಾಣಂತನ ಸಿಮೆಂಟ್ ರೂಮಲ್ಲಿ ಆಗುತ್ತೆ ನೋಡ್ತಿರು" ಎಂದರು. "ಹಸಿರು ಬಣ್ಣ ಹೊಡ್ಸಿ ಅಪ್ಪಾ" ಎಂದೆ. ನನಗೂ ಇಪ್ಪತ್ತರ ವಯಸ್ಸು. ತವರು ಗಂಡನ ಮನೆಗಿಂತ ಕಡಿಮೆಯಲ್ಲ ಎಂದು ತೋರಿಸುವ ಹುಚ್ಚು ನನಗೂ ಇತ್ತು.

ಹಳೆಯ ಮನೆಯ ಪಕ್ಕಕ್ಕೆ, ಹಿತ್ತಲಿನ ಕಡೆಗೆ, ಕೋಣೆ ಎದ್ದಿತು. ದೇವನಹಳ್ಳಿ ಕಡೆಯಿಂದ ಸೈಜುಗಲ್ಲು ಬಂತು, ಮಂಗಳೂರು ಹೆಂಚು ಬಂತು. ಬಾರದೇ ಇದ್ದದ್ದು ಸಿಮೆಂಟು. ಆ ಕಾಲದಲ್ಲಿ ಸಿಮೆಂಟು ಬೇಕೆಂದಾಗ ಸಿಗುತ್ತಿರಲಿಲ್ಲ. ಅದಕ್ಕೆ ಅರ್ಜಿ, ಓಡಾಟ, ಅವರಿವರ ಕಾಲು ಹಿಡಿಯುವುದು. ಬೇಸಿಗೆಯಲ್ಲಿ ಆಗಬೇಕಿದ್ದ ಗಿಲಾವು ಮುಂದಕ್ಕೆ ಹೋಗಿ ಹೋಗಿ ಗೌರಿ ಹಬ್ಬದ ಹೊತ್ತಿಗೆ ಆಯಿತು. ಅದಾದ ಮೇಲೆ ನಾನು ಸೀಮಂತ ಮುಗಿಸಿಕೊಂಡು ತವರಿಗೆ ಬಂದೆ. ನನ್ನ ಹಿಂದೆಯೇ ಹಸ್ತ ಮಳೆಯೂ ಬಂತು.

ನಮ್ಮ ಸೀಮೆಯ ಮಳೆ ಗೊತ್ತಲ್ಲ, ಬೇಕಾದಾಗ ಮುಖ ತೋರಿಸುವುದಿಲ್ಲ. ಆ ವರ್ಷ ಮಾತ್ರ ಹಗಲಿಡೀ ಮೋಡ, ಸಂಜೆಯಾದರೆ ಸುರಿತ. ಹೊಸ ಕೋಣೆಯ ಗೋಡೆ ಆಗತಾನೆ ಕೆರೆಯಿಂದ ಎದ್ದುಬಂದ ಎಮ್ಮೆಯ ಬಣ್ಣಕ್ಕಿತ್ತು. ಬೆಳಗ್ಗೆ ಎದ್ದು ಮುಖ ತೊಳೆದವಳೇ ನಾನು ಹೊಟ್ಟೆ ಹೊತ್ತುಕೊಂಡು ಅಲ್ಲಿಗೆ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ತಣ್ಣಗಿರುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಒಂದು ತುಣುಕು ಬೆಳ್ಳಗಾದರೆ ಓಡಿಬಂದು, ಅಂದರೆ ಆ ಹೊಟ್ಟೆಯಲ್ಲಿ ಎಷ್ಟು ಓಡಲು ಸಾಧ್ಯವೋ ಅಷ್ಟು ಓಡಿಬಂದು, ಅಪ್ಪನಿಗೆ ಹೇಳುತ್ತಿದ್ದೆ. ಮಾರನೆಯ ದಿನ ಹೋದರೆ ಆ ತುಣುಕು ಮತ್ತೆ ಕಪ್ಪಗಾಗಿರುತ್ತಿತ್ತು. ಗೋಡೆ ಬೆವರುವುದನ್ನು ನಾನು ನೋಡಿದ್ದು ಆಗಲೇ.

ಅವ್ವ ಗೋಡೆ ಮುಟ್ಟಿ ನೋಡುತ್ತಿರಲಿಲ್ಲ. ಒಂದು ಸಂಜೆ ಬೆಂಕಿಪೊಟ್ಟಣವೊಂದನ್ನು ಆ ಕೋಣೆಯ ಕಿಟಕಿಯ ಮೇಲಿಟ್ಟು ಬಂದಳು. ಬೆಳಗ್ಗೆ ಅಪ್ಪ ಬೀಡಿ ಹಚ್ಚಲು ಪೊಟ್ಟಣ ಹುಡುಕಿದಾಗ ಅದನ್ನೇ ತಂದು ಕೈಗಿತ್ತಳು. ಅಪ್ಪ ಒಂದು ಕಡ್ಡಿ ಗೀರಿದರು, ಹತ್ತಲಿಲ್ಲ. ಇನ್ನೊಂದು ಗೀರಿದರು, ಮದ್ದು ಉದುರಿ ಬಿತ್ತು. ಮೂರನೆಯದನ್ನು ಕೈಯಲ್ಲಿ ಹಿಡಿದು ಅವ್ವನ ಮುಖ ನೋಡಿದರು. ಅವ್ವ ಆಗಲೇ ಸಗಣಿ ಬಾಚಲು ಕೊಟ್ಟಿಗೆಯ ಕಡೆ ಹೋಗಿದ್ದಳು.

ಆದರೆ ಆಸೆಯ ಮನುಷ್ಯನಿಗೆ ಬೆಂಕಿಕಡ್ಡಿ ಎಷ್ಟು ದಿನ ಬುದ್ಧಿ ಹೇಳೀತು? ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಅಪ್ಪ ಗಾರೆ ಕೆಲಸದ ಮುನಿಯಪ್ಪನನ್ನು ಕರೆಸಿದರು. "ಏನಪ್ಪಾ ಮುನಿಯಪ್ಪ, ಬಣ್ಣ ಹೊಡೀಬೋದಾ?" ಮುನಿಯಪ್ಪ ಒಮ್ಮೆ ಗೋಡೆ ನೋಡಿದ, ಒಮ್ಮೆ ಅಪ್ಪನ ಮುಖ ನೋಡಿದ. ಉತ್ತರವನ್ನು ಗೋಡೆಯಿಂದ ತೆಗೆದುಕೊಳ್ಳದೆ ಮುಖದಿಂದ ತೆಗೆದುಕೊಂಡ. "ಹೊಡೀಬೋದು ಗೌಡ್ರೇ, ಅದಕ್ಕೇನು" ಎಂದ.

ಅಪ್ಪ ಬೆಂಗಳೂರಿಗೆ ಹೋಗಿ ಡಬ್ಬಗಳನ್ನು ತಂದರು. ಬಣ್ಣ ಬಳಿದು ಮುಗಿದ ದಿನ ಕೋಣೆ ಹೇಗೆ ಹೊಳೆಯುತ್ತಿತ್ತು ಎಂದರೆ ಬೀದಿಯ ಹೆಂಗಸರೆಲ್ಲ ಬಂದು ಗೋಡೆಯಲ್ಲಿ ತಮ್ಮ ಮುಖ ಹುಡುಕಿದರು. ಅಪ್ಪ ಒಂದು ಕಬ್ಬಿಣದ ಮಂಚ ತರಿಸಿ ಹಾಕಿದರು, ಗೋಡೆಗೊಂದು ಕನ್ನಡಿ ಬಡಿದರು, ತೊಲೆಗೆ ತೊಟ್ಟಿಲಿನ ಕೊಂಡಿ ಹೊಡೆಸಿದರು. ಅವತ್ತು ಮನೆಯಲ್ಲಿ ಎಷ್ಟು ಸಲ ಕಾಫಿಯಾಯಿತೋ ನೆನಪಿಲ್ಲ. ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು. ಕೋಣೆಯ ಒಳಕ್ಕೆ ಮಾತ್ರ ಕಾಲಿಡಲಿಲ್ಲ.

ಮಾರನೆಯ ಬೆಳಗ್ಗೆ ಅವಳು ವಾಡೆಯ ಕೋಣೆಯನ್ನು ಖಾಲಿ ಮಾಡಲು ಶುರುಮಾಡಿದಳು. ವಾಡೆ ಎಂದರೆ ಆಳೆತ್ತರದ ಮಣ್ಣಿನ ಗುಡಾಣ. ವರ್ಷದ ರಾಗಿಯೆಲ್ಲ ಅದರಲ್ಲೇ ಇರುತ್ತಿತ್ತು. ಅಡಿಗೆಮನೆಯ ಗೋಡೆಗೆ ಅಂಟಿಕೊಂಡ ಆ ಕತ್ತಲ ಕೋಣೆಯಿಂದ ಗೋಣಿಚೀಲ, ಮೊರ, ಮುರಿದ ನೇಗಿಲ ಚೂರು, ಹಳೆಯ ಹಗ್ಗ ಎಲ್ಲ ಹೊರಗೆ ಬಂದವು. ಅಲುಗಾಡಿಸಲಾಗದ ವಾಡೆಗಳೆರಡು ಮಾತ್ರ ಮೂಲೆಯಲ್ಲಿ ಉಳಿದವು. ಅವ್ವ ಇಲಿಯ ಬಿಲಗಳಿಗೆ ಮಣ್ಣು ಮೆತ್ತಿದಳು, ನೆಲ ಸಾರಿಸಿದಳು, ಸಾಂಬ್ರಾಣಿ ಹಾಕಿದಳು. ನಾನು ಬಾಗಿಲಲ್ಲಿ ನಿಂತು, "ಏನವ್ವಾ ಇದು?" ಎಂದರೆ, "ಧೂಳು, ಆಚೆ ಹೋಗು" ಎಂದಳು.

ಮಧ್ಯಾಹ್ನ ಊಟಕ್ಕೆ ಹೊಲದಿಂದ ಬಂದ ಅಪ್ಪ ಅಂಗಳದ ತುಂಬ ಹರಡಿದ ಸಾಮಾನು ನೋಡಿದರು.

"ಏನೇ ಇದೆಲ್ಲ?"

"ಹೆರಿಗೆ ಇಲ್ಲೇ ಆಗ್ಲಿ" ಎಂದಳು ಅವ್ವ.

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ನಕ್ಕರು. "ರಾಗಿ ವಾಡೆ ಪಕ್ಕದಲ್ಲಾ? ಅಲ್ಲಿ ಅಂಥಾ ರೂಮ್ ಇಟ್ಕೊಂಡು ಮಗಳನ್ನ ಇಲಿ ಜೊತೆ ಮಲಗಿಸ್ತೀಯಾ?"

"ಗೋಡೆ ಒಣಗಿಲ್ಲ."

"ಬಣ್ಣಾನೇ ಹೊಡ್ದಾಯ್ತಲ್ಲೇ!"

"ಬಣ್ಣದ ಒಳಗೆ ಒಣಗಿಲ್ಲ."

"ನೋಡಮ್ಮಾ, ನಿಮ್ಮವ್ವಂಗೆ ಬಣ್ಣದ ಒಳಗಿಂದೂ ಕಾಣ್ಸುತ್ತೆ" ಎಂದು ನನ್ನ ಕಡೆ ತಿರುಗಿದರು. ನಾನು ನಗಲಿಲ್ಲ ಎಂದು ಕಾಣುತ್ತದೆ, ಅವರ ನಗುವೂ ನಿಂತಿತು. "ಬೀಗರು ಬಂದು ನೋಡಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ? ಮಗಳಿಗೆ ಅಂತ ಕಟ್ಸಿದ್ದು. ಅವಳು ಮಲಗೋದು ಅಲ್ಲೇ. ಇದೆಲ್ಲ ಎತ್ತಿ ಒಳಗಿಡು."

ನಾನು ಅವ್ವನ ಹೂಂಗೆ ಕಾದೆ. ಯಾವ ಬಗೆಯ ಹೂಂ ಬರಬಹುದು ಎಂದು ಕಾದೆ. ಬರಲಿಲ್ಲ. ಅವ್ವ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಆನಿಸಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಗಂಟಲು ಏರಿಸದೆ ಹೇಳಿದಳು:

"ಆವತ್ತೂ ಹಿಂಗೇ ಅಂದ್ರಿ. ಹೊಸಾ ಮನೆ, ಹೊಸಾ ಮನೆ ಅಂತ ಹಸಿ ಗೋಡೆ ಮಧ್ಯ ಮಲಗಿಸಿದ್ರಿ. ನಾನು ಹೂಂ ಅಂದೆ. ಮಗೂನ ಕಳ್ಕೊಂಡೆ. ಈಗ ಹೂಂ ಅನ್ನಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ನನಗಿಂತ ಮುಂಚೆ ಅವ್ವನಿಗೆ ಒಂದು ಗಂಡುಮಗು ಹುಟ್ಟಿತ್ತು. ಅಪ್ಪ ಅಣ್ಣತಮ್ಮಂದಿರಿಂದ ಬೇರೆಯಾಗಿ ಆಗಷ್ಟೇ ಮನೆ ಕಟ್ಟಿದ್ದರು. ಇದೇ ಮನೆ, ಇದೇ ಮಣ್ಣಿನ ಗೋಡೆಗಳು. ಆದರೆ ಆಗ ಇನ್ನೂ ಹಸಿ. ಮೊದಲ ಮಗು ಸ್ವಂತ ಸೂರಿನ ಕೆಳಗೇ ಹುಟ್ಟಬೇಕೆಂದು ಅವ್ವನನ್ನು ತವರಿಗೂ ಕಳಿಸದೆ, ಮಳೆಗಾಲದಲ್ಲೇ ಒಕ್ಕಲು ಬಂದಿದ್ದರು. ಮಗುವಿಗೆ ಎದೆ ಕಟ್ಟಿ ಗೂರಲು ಬಂತು. ಹೆಸರಿಡುವುದಕ್ಕೆ ಮುಂಚೆಯೇ ಹೋಯಿತು. ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ದೊಡ್ಡಮ್ಮ, ಅದೂ ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡು. ನಮ್ಮ ಮನೆಯೊಳಗೆ ಆ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ಅಪ್ಪ ಅವ್ವ ತಮ್ಮತಮ್ಮಲ್ಲೂ ಅದನ್ನು ಆಡಿಕೊಂಡಿರಲಿಲ್ಲ ಎಂದು ಆ ಮಧ್ಯಾಹ್ನ ಅಪ್ಪನ ಮುಖ ನೋಡಿದಾಗ ನನಗೆ ತಿಳಿಯಿತು.

ಅಪ್ಪ ಎತ್ತರದ ಆಳು. ಬಾಗಿಲಿಗೆ ತಲೆ ತಾಗುತ್ತಿತ್ತು. ಅವತ್ತು ಬಾಗಿಲ ಮುಂದೆ ನಿಂತಿದ್ದವರು ಯಾರೋ ಬೇರೆ, ಸಣ್ಣ ಆಳು ಎನ್ನಿಸಿತು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಊಟ ಮಾಡದೆ ಹಾಗೇ ಹಿತ್ತಲ ಬಾಗಿಲಿನಿಂದ ಬಾವಿಯ ಕಡೆಗೆ ಹೊರಟುಹೋದರು. ಅವ್ವ ಪೊರಕೆ ಕೈಗೆತ್ತಿಕೊಂಡು ಉಳಿದ ಮೂಲೆ ಗುಡಿಸಿದಳು. ನಾನು ಅವಳ ಹತ್ತಿರ ಹೋಗಲೋ, ಅಪ್ಪನ ಹಿಂದೆ ಹೋಗಲೋ ತಿಳಿಯದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಂಗಳದ ಗೋಣಿಚೀಲದ ಮೇಲೆ ಕೂತುಬಿಟ್ಟೆ. ಒಳಗಿದ್ದವನು ಒದೆಯುತ್ತಿದ್ದ.

ದನ ಮನೆಗೆ ಬರುವ ಹೊತ್ತಿಗೆ ಅಪ್ಪ ವಾಪಸ್ಸು ಬಂದರು. ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಹಸಿರು ಕೋಣೆಗೆ ಹೋಗಿ ಆ ಕಬ್ಬಿಣದ ಮಂಚವನ್ನು ಬಿಚ್ಚಿದರು. ಒಂದೊಂದೇ ಭಾಗವನ್ನು ಹೆಗಲ ಮೇಲಿಟ್ಟುಕೊಂಡು ಅಂಗಳ ದಾಟಿಸಿ, ತಲೆ ಬಗ್ಗಿಸಿಕೊಂಡು ವಾಡೆಯ ಕೋಣೆಯೊಳಗೆ ತಂದರು. ಆಳನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಅವ್ವ ದೀಪ ಹಿಡಿದು ನಿಂತಳು. ಮಂಚ ಜೋಡಿಸುತ್ತಾ ಅಪ್ಪ ಕೇಳಿದರು:

"ತಲೆ ಯಾವ ಕಡೆ?"

"ಪೂರ್ವಕ್ಕೆ."

ಅಷ್ಟೇ ಅವರ ಮಾತು. ಮದುವೆ ಮನೆಗಳಲ್ಲಿ ಗಂಡಹೆಂಡಿರ ಅನ್ಯೋನ್ಯದ ಬಗ್ಗೆ ಯಾರಾದರೂ ದೊಡ್ಡದಾಗಿ ಮಾತಾಡಿದಾಗೆಲ್ಲ ನನಗೆ ಆ ಎರಡು ಮಾತು ನೆನಪಾಗುತ್ತವೆ. ಅಕ್ಷತೆ ಕೈಯಲ್ಲಿ ಹಿಡಿದುಕೊಂಡು ಎಲ್ಲೋ ನೋಡುತ್ತಾ ನಿಂತಿರುತ್ತೇನೆ. ಪಕ್ಕದವರು ತಿವಿದು, "ಹಾಕಿ ಅಜ್ಜಿ" ಎನ್ನಬೇಕಾಗುತ್ತದೆ.

ಕಾರ್ತಿಕದ ಒಂದು ಚಳಿ ಬೆಳಗ್ಗೆ ಮಗ ಹುಟ್ಟಿದ. ಹೊರಗೆ ಮಂಜು ಬಿದ್ದು ಹಿತ್ತಲಿನ ಬೇಲಿಯೂ ಕಾಣುತ್ತಿರಲಿಲ್ಲವಂತೆ. ಒಳಗೆ ಬೆಚ್ಚಗಿತ್ತು. ಗೋಡೆಯ ಆಚೆ ಅಡಿಗೆಮನೆಯ ಒಲೆ ಇಡೀ ದಿನ ಉರಿಯುತ್ತಿತ್ತು. ಈಚೆ ನನ್ನ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ರಾಗಿಯ ವಾಸನೆ, ಬಜೆಯ ವಾಸನೆ, ಹರಳೆಣ್ಣೆಯ ವಾಸನೆ. ಅವ್ವ ಮಗುವಿಗೆ ಎಣ್ಣೆ ಸವರುವಾಗ ನಡುನಡುವೆ ನಿಲ್ಲಿಸಿ ಅದರ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು. ಏನು ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಹಾಗಾಗಿ ಕೇಳಲಿಲ್ಲ. ಅಪ್ಪ ಬಾಗಿಲ ಹತ್ತಿರ ಬಂದು ನಿಂತು, "ಉಸಿರಾಟ ಸರಿಯಾಗಿದ್ಯಾ?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿ ಹೋಗುತ್ತಿದ್ದರು. ದಿನಾ ಕೇಳುತ್ತಿದ್ದರು. ಒಳಗೆ ಬಂದು ಮಗುವನ್ನು ಎತ್ತಿಕೊಂಡವರಲ್ಲ.

ಮಗುವನ್ನು ನೋಡಲು ದೊಡ್ಡಬಳ್ಳಾಪುರದಿಂದ ಬೀಗರು ಬಂದರು. ನಮ್ಮತ್ತೆ, ನಮ್ಮ ಮನೆಯವರು, ಜೊತೆಗೆ ಅದೇ ಸೋದರಮಾವ. ಅಂಗಳದಲ್ಲಿ ಕಾಲು ತೊಳೆದುಕೊಂಡು ಬಂದವರು ಹೊಸ ಕೋಣೆಯ ಕಡೆ ನಡೆದರು. ಬಾಗಿಲು ತೆರೆದೇ ಇತ್ತು. ಹೊಳೆಯುವ ಹಸಿರು ಗೋಡೆ, ಕನ್ನಡಿ, ತೊಲೆಯಲ್ಲಿ ತೊಟ್ಟಿಲಿನ ಕೊಂಡಿ. ಮಂಚವಿಲ್ಲ, ಬಾಣಂತಿಯಿಲ್ಲ. ಮಗುವಿನ ಅಳು ಕೇಳಿಸಿದ್ದು ಇನ್ನೊಂದು ಕಡೆಯಿಂದ. ಎಲ್ಲರೂ ವಾಡೆಯ ಕೋಣೆಯ ಬಾಗಿಲಿಗೆ ಬಂದರು. ಸೋದರಮಾವ ಬಗ್ಗಿ ಒಳಗೆ ಇಣುಕಿ, ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, "ಇದೇನ್ರೀ ಗೌಡ್ರೇ, ಅಂಥಾ ರೂಮ್ ಕಟ್ಸಿಟ್ಟು ಹುಡುಗೀನ ಇಲ್ಲಿ ಹಾಕಿದೀರಾ?" ಎಂದರು.

ಅವ್ವ ಒಲೆಯ ಮುಂದೆ ಇದ್ದಳು. ಗೋಡೆಯಾಚೆ ಅವಳ ಸೌಟಿನ ಸದ್ದು ನಿಂತದ್ದು ನನಗೆ ಕೇಳಿಸಿತು. ಅಪ್ಪ ಏನಾದರೂ ನೆಪ ಹೇಳಬಹುದಿತ್ತು. ಜ್ಯೋತಿಷ್ಯ, ದಿಕ್ಕು, ಮನೆದೇವರು, ನಮ್ಮಲ್ಲಿ ನೆಪಗಳಿಗೇನು ಬರವೇ? ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಹೇಳಿದರು:

"ನಾನು ಅವಸರ ಮಾಡ್ಬಿಟ್ಟೆ ಬೀಗರೇ. ಗೋಡೆ ಒಣಗೋಕ್ ಮುಂಚೆ ಬಣ್ಣ ಹೊಡ್ಸಿಬಿಟ್ಟೆ. ನಮ್ಮನೆಯೋಳು ಬೇಡ ಅಂದ್ಲು. ಅವಳು ಹೇಳಿದ್ದೇ ಸರಿ."

ಸೋದರಮಾವ ಬಾಗಿಲಿನಿಂದ ಹಿಂದೆ ಸರಿದರು. ನಮ್ಮತ್ತೆ ಮಾತ್ರ ಸೀದಾ ಒಳಗೆ ಬಂದು, ವಾಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. "ಎಷ್ಟು ಬೆಚ್ಚಗಿದೆ ಇಲ್ಲಿ" ಎಂದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಬೀಗಿತ್ತಿ, ನೀವೂ ಬನ್ನಿ, ಕೂತ್ಕೊಳ್ಳಿ. ಆಮೇಲೆ ಅಡಿಗೆ" ಎಂದು ಕರೆದರು. ನಾನು ಅವರೊಡನೆ ಎಷ್ಟೋ ವರ್ಷ ಬಾಳಿದೆ. ಜಗಳಗಳೂ ಆದವು. ಆದರೆ ಆ ಒಂದು ಕರೆಗೆ ನಾನು ಅವರ ಬಹಳ ಮಾತುಗಳನ್ನು ಹೊಟ್ಟೆಗೆ ಹಾಕಿಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ಹಸಿರು ಗೋಡೆ ಗುಳ್ಳೆ ಎದ್ದಿತು. ಮೊದಲು ಬಟಾಣಿ ಗಾತ್ರ, ಆಮೇಲೆ ಹಪ್ಪಳದ ಗಾತ್ರ. ಬೆರಳಿನಲ್ಲಿ ಒತ್ತಿದರೆ ಒಳಗಿನಿಂದ ನೀರು ಒಸರುತ್ತಿತ್ತು, ಬಣ್ಣ ಹಾವಿನ ಪೊರೆಯ ಹಾಗೆ ಕಳಚಿ ಬರುತ್ತಿತ್ತು. ಅಪ್ಪ ಯಾರನ್ನೂ ಕರೆಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಗಾರೆಯವರ ಹಳೆಯ ಕರಣೆಯೊಂದನ್ನು ಹಿಡಿದು ತಾವೇ ಕೆರೆಯಲು ಕೂರುತ್ತಿದ್ದರು. ಕರಕರ ಎನ್ನುವ ಆ ಸದ್ದಿಗೆ ನನ್ನ ಮಗ ನಿದ್ದೆ ಮಾಡುವುದನ್ನು ಕಲಿತ. ಗೋಡೆಯೆಲ್ಲ ಬರಿದಾದ ಮೇಲೆ ಅಪ್ಪ ಕಿಟಕಿ ಬಾಗಿಲು ತೆರೆದಿಟ್ಟು ಆ ಬೇಸಿಗೆಯಿಡೀ ಗಾಳಿ ಬಿಸಿಲಿಗೆ ಬಿಟ್ಟರು. ಬೇಸಿಗೆ ಕಳೆಯುವಾಗ ಅವ್ವ ಒಂದು ದಿನ ತಾನಾಗಿಯೇ ಆ ಕೋಣೆಯೊಳಗೆ ಹೋಗಿ, ಗೋಡೆ ಮುಟ್ಟಿ, ಹೊರಗೆ ಬಂದು "ಸುಣ್ಣ ಹೊಡ್ಸಿ" ಎಂದಳಂತೆ. ಬರೀ ಬಿಳಿ ಸುಣ್ಣ. ಕೊನೆಯ ತನಕ ಅದಕ್ಕೆ ಬೇರೆ ಬಣ್ಣ ಬೀಳಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಅವ್ವ ಗೆದ್ದ ಕಥೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಮಗ ಶಾಲೆಗೆ ಹೋಗುವಷ್ಟು ದೊಡ್ಡವನಾಗಿದ್ದ ಕಾಲ, ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ, ಅವರೆಕಾಯಿಯ ದಿನಗಳಲ್ಲಿ ಊರಿಗೆ ಹೋಗಿದ್ದೆ. ಅವ್ವ ನಾನು ನಡುಮನೆಯಲ್ಲಿ ಕಾಯಿಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದೆವು. ಸೊಗಡಿಗೆ ಬೆರಳೆಲ್ಲ ಅಂಟು. ಅಪ್ಪ ಹೊರಗೆ ಜಗಲಿಯ ಬಿಸಿಲಿನಲ್ಲಿ ನಿದ್ದೆ ಹೋಗಿದ್ದರು. ಎಲ್ಲಿಂದಲೋ ಮಾತು ಬಂದು, ನಾನು ಕೇಳಿಯೇಬಿಟ್ಟೆ:

"ಅವ್ವಾ, ಆ ಮಗು ಹಸಿ ಗೋಡೆಯಿಂದಲೇ ಹೋಯ್ತಾ?"

ಅವ್ವ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು. "ಇಲ್ಲ ಕಣವ್ವ. ಹುಟ್ಟಿದಾಗಲೇ ಅಂಗೈಯಷ್ಟಿತ್ತು. ದಿನ ತುಂಬಿರ್ಲಿಲ್ಲ. ಬಾಯಿ ಹಾಕಿ ಎಳೆಯೋಕೂ ಅದಕ್ಕೆ ಶಕ್ತಿ ಇರ್ಲಿಲ್ಲ. ಇದು ನಿಲ್ಲೋ ಕೂಸಲ್ಲ ತಾಯಿ ಅಂತ ಸೂಲಗಿತ್ತಿ ಆವತ್ತೇ ನನ್ನ ಕಿವೀಲಿ ಹೇಳಿದ್ಲು."

"ಮತ್ತೆ ಅಪ್ಪಂಗೆ ಹಾಗಂದೆಯಲ್ಲ?"

"ಇನ್ನೇನಂದ್ರೆ ಕೇಳ್ತಿದ್ರು?" ಎಂದಳು. "ಗೋಡೆ ಒಣಗಿಲ್ಲ ಅಂದೆ, ನಕ್ರು. ಕಡ್ಡಿ ಹತ್ಲಿಲ್ಲ, ಬೇರೆ ಪೊಟ್ಟಣ ತರಿಸ್ಕೊಂಡ್ರು. ನೀನು ಒಳಗೆ ಮಲಗೋಳು. ನನ್ನತ್ರ ಬೇರೆ ಏನಿತ್ತು?"

ಹೊರಗೆ ಅಪ್ಪ ಕೆಮ್ಮಿ ಮಗ್ಗುಲಾದರು. ಅವ್ವ ಅತ್ತ ಒಮ್ಮೆ ನೋಡಿ, ಧ್ವನಿ ತಗ್ಗಿಸದೆಯೇ ಮುಂದುವರಿಸಿದಳು. "ನಿನ್ನ ಮಗಂಗೆ ಹೆಸರಿಟ್ಟ ದಿನ ಹೋಗಿ ಅವರ ಕಾಲ ಹತ್ರ ಕೂತ್ಕೊಂಡೆ. ನೆಂಟರೆಲ್ಲ ಹೋಗಿದ್ರು. ಹಂಗಲ್ಲ, ನಾನು ಬೇಕಂತ ಅಂದೆ, ನಿಮ್ದೇನೂ ತಪ್ಪಿಲ್ಲ ಅಂದೆ."

"ಅಪ್ಪ ಏನಂದ್ರು?"

"ಗೊತ್ತು ಕಣೇ ಅಂದ್ರು. ಸೂಲಗಿತ್ತಿ ಅವರಿಗೂ ಹೇಳಿದ್ಲಂತೆ. ನಂಗೆ ಗೊತ್ತಾಗ್ಬಾರ್ದು ಅಂತ ಇಷ್ಟು ವರ್ಷ ಅವರೂ ಹೇಳಿರ್ಲಿಲ್ಲ."

ಅವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಅವರೆಯ ಸೊಗಡಿಗೋ ಇನ್ನೇನಕ್ಕೋ. ನಾನು ಜಗಲಿಯ ಕಡೆ ನೋಡಿದೆ. ಅಪ್ಪನ ಪಾದಗಳು ಮಾತ್ರ ಕಾಣುತ್ತಿದ್ದವು. ತಪ್ಪು ತನ್ನದಲ್ಲವೆಂದು ಗೊತ್ತಿದ್ದೂ ಆ ಮನುಷ್ಯ ಮಂಚ ಬಿಚ್ಚಿ ಹೊತ್ತು ತಂದಿದ್ದರು. ಬೀಗರ ಮುಂದೆ ತಲೆ ತಗ್ಗಿಸಿದ್ದರು. ಒಂದು ಮಾತಿನಲ್ಲಿ ಬಿಡಿಸಿಕೊಳ್ಳಬಹುದಿತ್ತು. ಆ ಮಾತು ಅವ್ವನನ್ನು ಏನು ಮಾಡೀತು ಎಂದು ನುಂಗಿಕೊಂಡಿದ್ದರು. ಎದ್ದು ಹೋಗಿ ಅವರನ್ನು ಏನಾದರೂ ಕೇಳಬೇಕೆನ್ನಿಸಿತು. ಕಾಫಿ ಮಾಡಿ ತಂದು ಪಕ್ಕದಲ್ಲಿಟ್ಟು, ಎಬ್ಬಿಸಿದೆ.

ಅವರಿಬ್ಬರೂ ಈಗಿಲ್ಲ. ಮೊದಲು ಅಪ್ಪ, ಆಮೇಲೆ ಅವ್ವ. ದೊಡ್ಡಮ್ಮನೂ ಇಲ್ಲ, ಸೂಲಗಿತ್ತಿಯೂ ಇಲ್ಲ. ನನ್ನ ತಂಗಿಯರಿಗೆ ಯಾರೂ ಹೇಳಲೇ ಇಲ್ಲ. ನೆನ್ನೆ ಸಂಜೆ ಮಗ ವಾಲ್‌ಪೇಪರಿನ ಮಾತು ಹೇಳಿ ಎದ್ದು ಹೋದ ಮೇಲೆ ನನಗೆ ಥಟ್ಟನೆ ಹೊಳೆದದ್ದು ಇದು: ಆ ಮಗು ಈ ಭೂಮಿಯ ಮೇಲೆ ಇತ್ತು ಎಂದು ತಿಳಿದವಳು ಈಗ ನಾನೊಬ್ಬಳೇ. ಎಷ್ಟೋ ವರ್ಷಗಳ ಕಾಲ ಮನೆಮಂದಿಯೆಲ್ಲ ಒಬ್ಬರಿಂದೊಬ್ಬರು ಬಚ್ಚಿಟ್ಟು ಕಾಪಾಡಿದ ಜೀವ, ನಾನು ಬಾಯಿ ತೆರೆಯದೆ ಹೋದರೆ ಇಲ್ಲವೇ ಇಲ್ಲವಾಗುತ್ತದೆ.

ಇವತ್ತು ಬೆಳಗ್ಗೆ ಮಗ ಪೇಪರು ಓದುತ್ತಾ ಕೂತಿದ್ದಾಗ ಹತ್ತಿರ ಕರೆದೆ. ಅವನೂ ಐವತ್ತು ದಾಟಿದವನು. ಕಿವಿಯ ಮೇಲೆ ಕೂದಲು ನರೆತಿದೆ. ಗೋಡೆಯ ವಿಷಯಕ್ಕೆ ಎಂದುಕೊಂಡು, "ಆಯ್ತಮ್ಮ, ಅವರಿಗೆ ಫೋನ್ ಮಾಡಿ ಮುಂದಕ್ಕೆ ಹಾಕ್ತೀನಿ ಬಿಡು, ನೀನು ಬೇಜಾರು ಮಾಡ್ಕೋಬೇಡ" ಎಂದ.

"ಅದಕ್ಕಲ್ಲ ಕಣಪ್ಪ. ನಿಂಗೊಬ್ಬ ಸೋದರಮಾವ ಇದ್ದ" ಎಂದೆ.

ನಿಮಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ನಿಮಗೆ ಹೇಳಿದಷ್ಟು ನೆಟ್ಟಗೆ ಬರಲಿಲ್ಲ. ಹಿಂದೆ ಮುಂದೆ ಆಯಿತು, ನಡುವೆ ಒಂದೆರಡು ಸಲ ನಿಂತೂ ಹೋಯಿತು. ಅವನು ಪೇಪರು ಮಡಚಿಟ್ಟು ಕೇಳಿದ. ವಾಡೆಯ ಕೋಣೆಯಲ್ಲಿ ಹುಟ್ಟಿದವನು ತಾನೇ ಎಂದು ಗೊತ್ತಾದಾಗ ತನ್ನ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಎಲ್ಲ ಮುಗಿದ ಮೇಲೆ ಕೇಳಿದ:

"ಹೆಸರೇನಮ್ಮ ಅವನದು?"

"ಹೆಸರಿಡೋಷ್ಟು ದಿನ ಇರ್ಲಿಲ್ಲವಲ್ಲಪ್ಪ."

"ಏನೂ ಕರೀತಿರ್ಲಿಲ್ವಾ ಮತ್ತೆ?"

ಕರೆಯುತ್ತಿದ್ದರು. ಅವರೆಕಾಯಿ ಸುಲಿದ ಆ ದಿನ ಅವ್ವ ಕೊನೆಗೆ ಹೇಳಿದ್ದಳು. ಅಂಗೈಯಷ್ಟು ಇದ್ದ ಆ ಕೂಸನ್ನು ಅಪ್ಪ ಹೊಲದಿಂದ ಬಂದ ಕೂಡಲೇ ಬಾಗಿಲಿನಿಂದ ಕೂಗಿ ಮಾತಾಡಿಸುತ್ತಿದ್ದರಂತೆ. ಮುಂದೆ ಹುಟ್ಟಲಿದ್ದ ನಮಗೆಲ್ಲ ಅವನೇ ಹಿರಿಯ ಎಂದು ಅವರ ಲೆಕ್ಕ.

"ದೊಡ್ಡೋನೇ ಅಂತಿದ್ರಂತೆ" ಎಂದೆ.

"ದೊಡ್ಡೋನೇ" ಎಂದ ಮಗ, ಮೆಲ್ಲಗೆ, ಯಾರನ್ನೋ ಕರೆಯುವವನ ಹಾಗೆ.